ಹಳ್ಳಿಯ ರೈತರು ಎಷ್ಟು ರಿಸ್ಕ್ ತಗೋತಾರೆ ಅಂತ ಅಳೆಯೋದು ಹೇಗೆ?

ಅಕ್ಕಲಕೋಟೆ ಕಡೆಯ ಹಳ್ಳಿಯಲ್ಲಿ ಎಂ.ಎ. ಪ್ರಾಜೆಕ್ಟಿಗೆ ನಲವತ್ತು ರೈತರನ್ನು "ನೀವು ರಿಸ್ಕ್ ತಗೋತೀರೇನು?" ಅಂತ ಕೇಳಿ ಬರೆದುಕೊಂಡರೆ ಸಾಕೇ ಎಂದು ಕೇಳಿದ್ದೀರಿ. ಸಾಲದು ರೀ. ಪುರಾವೆ ನಿಮ್ಮ ಸೊಲ್ಲಾಪುರ ಜಿಲ್ಲೆಯಲ್ಲೇ ಇದೆ. ಹಾನ್ಸ್ ಬಿನ್ಸ್‌ವ್ಯಾಂಗರ್ ಎಂಬ ಅರ್ಥಶಾಸ್ತ್ರಜ್ಞರು ಇಕ್ರಿಸ್ಯಾಟ್ ಎಂಬ ಒಣಬೇಸಾಯದ ಸಂಶೋಧನಾ ಸಂಸ್ಥೆಯ ಅಧ್ಯಯನದ ಹಳ್ಳಿಗಳಲ್ಲಿ, ಶಿರಾಪುರವೂ ಅದರಲ್ಲೊಂದು, ನಿಜವಾದ ದುಡ್ಡಿಟ್ಟು ಆಟ ಆಡಿಸಿ 1980ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಾಯಿಮಾತಿನ ಸಂದರ್ಶನದ ಉತ್ತರಕ್ಕೂ ಆಟದ ಆಯ್ಕೆಗೂ ತಾಳೆಯೇ ಆಗಲಿಲ್ಲ. ಪ್ರಶ್ನೆ ಕೇಳಿದವರು ಬದಲಾದರೆ ಉತ್ತರವೂ ಬದಲಾಗುತ್ತಿತ್ತು.

ಆಟ ಸರಳ. ನಾಣ್ಯ ಚಿಮ್ಮುವ ಮೊದಲು ರೈತ ಒಂದು ಜೋಡಿ ಆರಿಸಬೇಕು: 50–50, 45–95, 40–120, 30–150, 10–190, 0–200. ಛಾಪಾ ಬಿದ್ದರೆ ಮೊದಲ ಮೊತ್ತ, ಕಾಟಾ ಬಿದ್ದರೆ ಎರಡನೆಯದು. ಸರಾಸರಿ ನೋಡಿ: 50, 70, 80, 90, 100, 100. ಕೊನೆಯ ಎರಡರ ಸರಾಸರಿ ಒಂದೇ, ಏರಿಳಿತ ಮಾತ್ರ ಹೆಚ್ಚು. ಇವುಗಳ ಜೊತೆ 35–125, 20–160 ಕೂಡ ಇದ್ದವು. ಇವೆರಡನ್ನು ಬಿಡಬೇಡಿ. 35–125ರ ಸರಾಸರಿ 40–120ರಷ್ಟೇ 80, ಅಪಾಯ ಮಾತ್ರ ಜಾಸ್ತಿ. ಬಹಳ ಮಂದಿ ಅದನ್ನೇ ಆರಿಸಿದರೆ ಆಟ ತಿಳಿದಿಲ್ಲ ಅಂತ ಅನುಮಾನಿಸಿ ಮತ್ತೊಮ್ಮೆ ವಿವರಿಸಿ.

ಇದೇ ಆಟವನ್ನು ಅವರು ಸಣ್ಣ, ದೊಡ್ಡ ಮೊತ್ತಗಳಲ್ಲಿ ಆಡಿಸಿದರು. ಮೊತ್ತ ಸಣ್ಣದಿದ್ದಾಗ ಆಯ್ಕೆಗಳು ಚೆಲ್ಲಾಪಿಲ್ಲಿ. ಮೊತ್ತ ಏರಿದಂತೆ ಹೆಚ್ಚುಕಡಿಮೆ ಎಲ್ಲರೂ ರಿಸ್ಕಿಗೆ ಮಿತವಾಗಿ ಹಿಂಜರಿದರು. ಆಸ್ತಿ ಹೆಚ್ಚಿದ್ದವರ ಹಿಂಜರಿಕೆ ಕೊಂಚ ಕಡಿಮೆ ಕಂಡರೂ ಅದು ಲೆಕ್ಕಕ್ಕೆ ಹಿಡಿಯುವಷ್ಟಿರಲಿಲ್ಲ. ಬಡವ ಹೆದರುಪುಕ್ಕಲ, ಅದಕ್ಕೇ ಹೊಸ ಬೀಜ ಬಿತ್ತೋದಿಲ್ಲ ಎಂಬ ಮಾತನ್ನು ನಾನು ಒಪ್ಪದಿರುವುದು ಇದರಿಂದಲೇ. ಸಾಲ, ಗೊಬ್ಬರ, ನೀರು ಸಿಗುತ್ತವೆಯೇ ಎಂಬುದನ್ನು ಮೊದಲು ನೋಡಬೇಕು.

ಖರ್ಚಿಗೆ ಹೀಗೆ ಮಾಡಿ: ಹಲವು ಸುತ್ತು ಆಡಿಸಿ, ಕೊನೆಗೆ ಚೀಟಿ ಎತ್ತಿ ಒಂದೇ ಸುತ್ತಿಗೆ ದುಡ್ಡು ಕೊಡಿ. ಗರಿಷ್ಠ ₹200 ಆದರೆ ನಲವತ್ತು ಜನಕ್ಕೆ ₹8,000 ಮೀರುವುದಿಲ್ಲ. ಒಬ್ಬೊಬ್ಬರನ್ನೇ ಕರೆಯಿರಿ. ಕಟ್ಟೆ ಮೇಲೆ ಎಲ್ಲರೆದುರು ಆಡಿಸಿದರೆ ಪಕ್ಕದವರು ಆರಿಸಿದ್ದನ್ನೇ ಆರಿಸುತ್ತಾರೆ. ಕೈಯಿಂದ ಕಳೆಯುವುದೇನಿಲ್ಲ, ಜೂಜಲ್ಲ ಅಂತ ಮೊದಲೇ ಹೇಳಿ.

ಒಂದು ಕೊರತೆ ಉಳಿಯುತ್ತದೆ. ನಾಣ್ಯದ ಸಂಭವ ಗೊತ್ತು, ಹಿಂಗಾರಿ ಜೋಳಕ್ಕೆ ಮಳೆ ಬರುವ ಸಂಭವ ಗೊತ್ತಿಲ್ಲ. ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲೇ ಇವೆರಡನ್ನು ಬೇರ್ಪಡಿಸಿದ್ದರು. ಸಂಭವ ಗೊತ್ತಿಲ್ಲದ್ದಕ್ಕೆ ಎಷ್ಟು ಹಿಂಜರಿಯುತ್ತಾರೆ ಅಂತ ಅಳೆಯಲು ಅರ್ಥಶಾಸ್ತ್ರಜ್ಞ ಡೇನಿಯಲ್ ಎಲ್ಸ್‌ಬರ್ಗ್ ಅವರ 1961ರ ಉಪಾಯ ಬಳಸಿ: ಒಂದು ಚೀಲದಲ್ಲಿ 5 ಕೆಂಪು, 5 ಬಿಳಿ ಗೋಲಿ, ಇನ್ನೊಂದರಲ್ಲಿ ಎರಡೂ ಬಣ್ಣ ಸೇರಿ 10, ಯಾವುದೆಷ್ಟೆಂದು ಹೇಳಬೇಡಿ. ಯಾವ ಚೀಲದಿಂದ ಗೋಲಿ ಎತ್ತಬೇಕೆಂದು ರೈತರು ಆರಿಸಲಿ, ಗೆಲ್ಲುವ ಬಣ್ಣ ಬಂದರೆ ದುಡ್ಡು. ಆ ಬಣ್ಣವನ್ನು ಮಾತ್ರ ರೈತರೇ ಹೇಳಲಿ. ನೀವೇ ಹೇಳಿದರೆ ಎರಡನೆಯ ಚೀಲದಲ್ಲಿ ಆ ಬಣ್ಣದ ಗೋಲಿ ಕಡಿಮೆ ಹಾಕಿದ್ದೀರಿ ಅಂತ ಸಂಶಯಪಟ್ಟು ಅದನ್ನು ಬಿಡುತ್ತಾರೆ, ನೀವು ಅಳೆದದ್ದು ಆ ಸಂಶಯವನ್ನೇ ಆಗುತ್ತದೆ.