ಗೆಳತಿಯ ಕಥೆ ಓದಿ ಏನು ಬರೆಯಲಿ?

ಪ್ರಶ್ನೆ: ಬಿ.ಎ. ಓದುತ್ತಿದ್ದೇನೆ. ತರಗತಿಯಲ್ಲಿ ಒಬ್ಬೊಬ್ಬರೂ ಒಂದು ಕಥೆ ಬರೆದು, ಇನ್ನಿಬ್ಬರ ಕಥೆಗೆ ಅಭಿಪ್ರಾಯ ಕೊಡಬೇಕು. ‘ಚೆನ್ನಾಗಿದೆ, ಮನಮುಟ್ಟಿತು’ ಎಂದು ಬರೆದೆ. ‘ಇದು ಯಾವ ಕಥೆಗೂ ಸಲ್ಲುತ್ತೆ’ ಎಂದು ಮೇಡಂ ವಾಪಸ್ ಕೊಟ್ಟರು. ತಪ್ಪು ತೋರಿಸಿದರೆ ಗೆಳತಿಗೆ ಮುನಿಸು. ಏನು ಮಾಡಲಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮೇಡಂ ಹೇಳಿದ್ದನ್ನೇ ಅಳತೆಗೋಲು ಮಾಡಿಕೊಳ್ಳಿ. ನೀವು ಬರೆದ ವಾಕ್ಯ ಬೇರೆ ಕಥೆಯ ಕೆಳಗೂ ಕೂರುವುದಾದರೆ ಹೊಡೆದುಹಾಕಿ.

ಕಥೆಯನ್ನು ಎರಡು ಸಲ ಓದಿ. ಮೊದಲ ಸಲ ಪೆನ್ನು ಬೇಡ; ಪೆನ್ನಿದ್ದರೆ ಕಣ್ಣು ಒತ್ತಕ್ಷರದ ತಪ್ಪು ಹುಡುಕುತ್ತದೆ, ಕಥೆ ಕೈತಪ್ಪುತ್ತದೆ. ಎರಡನೇ ಸಲ, ನಕ್ಕ ಜಾಗಕ್ಕೂ ಗೊಂದಲವಾಗಿ ಹಿಂದಕ್ಕೆ ಹೋದ ಜಾಗಕ್ಕೂ ಅಂಚಿನಲ್ಲಿ ಗೆರೆ ಹಾಕಿ.

ಬರೆಯುವಾಗ ಮೊದಲ ಎರಡು ಸಾಲಿನಲ್ಲಿ ನಿಮಗೆ ಅರ್ಥವಾದ ಕಥೆಯನ್ನು ಹೇಳಿಬಿಡಿ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಅವಳು ಅಜ್ಜಿಯ ಒಂಟಿತನ ಬರೆದೆ ಅಂದುಕೊಂಡಿರುತ್ತಾಳೆ, ನೀವು ಮೊಮ್ಮಗನ ನೌಕರಿಯ ಕಥೆ ಓದಿರುತ್ತೀರಿ. ಎಲ್ಲಿ ಹಳಿ ತಪ್ಪಿತೆಂದು ಅವಳಿಗೇ ಹೊಳೆಯುತ್ತದೆ.

ಆಮೇಲೆ ಹಿಡಿಸಿದ ಒಂದು ಜಾಗ, ಎಡವಿದ ಎರಡು ಜಾಗ, ಪುಟದ ಸಂಖ್ಯೆಯೊಡನೆ. ಹತ್ತು ದೋಷ ಪಟ್ಟಿ ಮಾಡಿದರೆ ಯಾರಾದರೂ ಸುಲಭದ್ದನ್ನು ತಿದ್ದಿ ಕೈತೊಳೆದುಕೊಳ್ಳುತ್ತಾರೆ. ‘ನಡುವೆ ಬೋರ್ ಆಯ್ತು’ ಎನ್ನುವ ಬದಲು ಹೀಗೆ ಬರೆಯಿರಿ: ‘2ನೇ ಪುಟದವರೆಗೆ ಎಲ್ಲವನ್ನೂ ಅಜ್ಜಿಯ ಕಣ್ಣಲ್ಲಿ ನೋಡುತ್ತಿದ್ದೆ. “ಅವನಿಗೆ ಆಫೀಸಿನ ಬೈಗುಳ ನೆನಪಾಯಿತು” ಎಂಬಲ್ಲಿ ದಿಢೀರನೆ ಮೊಮ್ಮಗನ ತಲೆಯೊಳಗೆ ಬಿದ್ದೆ. ಬೇಕೆಂದೇ ಹಾಗೆ ಮಾಡಿದೆಯಾ?’ ಇಲ್ಲಿ ಜಾಗ ಇದೆ, ಓದುವಾಗ ನಿಮಗಾದದ್ದು ಇದೆ, ಪ್ರಶ್ನೆ ಇದೆ, ತೀರ್ಪಿಲ್ಲ. ಮುನಿಸಿಕೊಳ್ಳಲು ಹಿಡಿತವೇ ಸಿಗುವುದಿಲ್ಲ. ಆ ವಾಕ್ಯವನ್ನು ನೀವೇ ತಿದ್ದಿ ಬರೆದುಕೊಡಬೇಡಿ, ಕಥೆ ಅವಳದು.

ವಾಸ್ತವದ ತಪ್ಪಿಗೆ ಮಾತ್ರ ಈ ನಾಜೂಕು ಬೇಡ. ನಾಯಕ ಡೊಂಬಿವಲಿಯಲ್ಲಿ ಲೋಕಲ್ ಹತ್ತಿ ನಿದ್ದೆ ತೆಗೆದು, ಕಣ್ಣು ಬಿಟ್ಟಾಗ ಚರ್ಚ್‌ಗೇಟಿನಲ್ಲಿದ್ದರೆ ಮುಂಬಯಿಯ ಓದುಗ ಅಲ್ಲೇ ಪುಟ ಮುಚ್ಚುತ್ತಾನೆ. ಸೆಂಟ್ರಲ್ ಲೈನಿನ ಗಾಡಿ ಅತ್ತ ಹೋಗುವುದಿಲ್ಲ. ದಾದರಿನಲ್ಲಿ ಇಳಿದು ವೆಸ್ಟರ್ನ್ ಗಾಡಿ ಹಿಡಿಯಬೇಕು. ನೇರವಾಗಿ ಹೇಳಿ. ಕಾಗುಣಿತ ಕೊನೆಗೆ, ಒಂದೇ ಸಾಲಿನಲ್ಲಿ. ಮೂರು ಪುಟದ ಕಥೆಗೆ 150 ಪದ ಸಾಕು.

ಪ್ರಶ್ನೆ: ಎಂಟನೇ ತರಗತಿಯ ಮಗಳು ಸಹಪಾಠಿಗಳ ಮೂರು ನಿಮಿಷದ ಕಥಾ ವಿಡಿಯೊಗಳನ್ನು ನೋಡಿ ಅಭಿಪ್ರಾಯ ಹೇಳಬೇಕಂತೆ. ಏನೇನು ಗಮನಿಸಲಿ?
– ಓದುಗರೊಬ್ಬರು, ಠಾಣೆ

ಉತ್ತರ: ಒಮ್ಮೆ ಕಣ್ಣುಮುಚ್ಚಿ ಕೇಳಲಿ, ಒಮ್ಮೆ ದನಿ ಬಂದ್ ಮಾಡಿ ನೋಡಲಿ. ದನಿ ಹೇಳಿದ್ದನ್ನೇ ಚಿತ್ರವೂ ಹೇಳುತ್ತಿದ್ದರೆ ಎರಡರಲ್ಲೊಂದು ದಂಡ. ‘ಅಮ್ಮ ಅತ್ತಳು’ ಎಂಬ ಮಾತಿಗೆ ಅಳುವ ಮುಖಕ್ಕಿಂತ ಮುಟ್ಟದ ಊಟದ ತಟ್ಟೆ ಹೆಚ್ಚು ಹೇಳುತ್ತದೆ. ಹಿನ್ನೆಲೆ ಸಂಗೀತ ಮಾತನ್ನು ನುಂಗುವುದು ಮಾಮೂಲಿ ತೊಂದರೆ. ಇಯರ್‌ಫೋನಿನಲ್ಲಿ ಸರಿಯಿದ್ದದ್ದು ಮೊಬೈಲಿನ ಸ್ಪೀಕರಿನಲ್ಲಿ ಕಲಸಿಹೋಗುತ್ತದೆ, ಎರಡರಲ್ಲೂ ಕೇಳಬೇಕು. ನಿರೂಪಣೆ 300 ಪದ ದಾಟಿದ್ದರೆ ಮೂರು ನಿಮಿಷದಲ್ಲಿ ಓಡಿಸಿ ಓದಬೇಕಾಗುತ್ತದೆ (ಇಂಗ್ಲಿಷಿನ ಲೆಕ್ಕ ಇಲ್ಲಿ ನಡೆಯದು, ನಮ್ಮ ಪದಗಳು ಉದ್ದ). ಪುಟಸಂಖ್ಯೆಯ ಬದಲು ‘1 ನಿಮಿಷ 10 ಸೆಕೆಂಡಿನಲ್ಲಿ’ ಎಂದು ಸಮಯ ಬರೆಯಲಿ.

ಪ್ರಶ್ನೆ: ಕಥೆಯಲ್ಲಿ ಮರಾಠಿ ಬೆರೆತರೆ ತಪ್ಪೆಂದು ಗುರುತು ಹಾಕಬೇಕೆ?
– ಓದುಗರೊಬ್ಬರು, ಪುಣೆ

ಉತ್ತರ: ಪಾತ್ರದ ಬಾಯಲ್ಲಿ ‘ಅರೇ, ಥಾಂಬ್’ ಇರಲಿ ಬಿಡಿ, ಅದೇ ಸಹಜ. ನಿರೂಪಣೆಯಲ್ಲಿ ಅರಿವಿಲ್ಲದೆ ನುಸುಳಿದ್ದಕ್ಕೆ ಗುರುತು ಹಾಕಿ. ‘ಅವಳು ಭಾಜಿ ಹೆಚ್ಚಿದಳು’ ಎಂದರೆ ಪುಣೆಯಲ್ಲಿ ತರಕಾರಿ. ಮೈಸೂರಿನ ಓದುಗನಿಗೆ ಬಜ್ಜಿಯನ್ನು ಯಾಕೆ ಹೆಚ್ಚುತ್ತಾರೆ ಎನಿಸೀತು.