ಗುಡ್ಡದ ಜಲ್ಲಿ ದಾರಿಯಲ್ಲಿ ಸೈಕಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಡಾಂಬರು ರಸ್ತೆಯಲ್ಲಿ ದಿನಕ್ಕೆ 100 ಕಿ.ಮೀ. ಸಲೀಸಾಗಿ ಹೊಡೆಯುತ್ತೇನೆ. ಬೆಟ್ಟದ ಕಚ್ಚಾ ದಾರಿಯಲ್ಲಿ 80 ಕಿ.ಮೀ. ಉದ್ದದ, 1,800 ಮೀಟರ್ ಏರು ಇರುವ ಸುತ್ತು ಒಂದೇ ದಿನದಲ್ಲಿ ಮುಗಿದೀತೇ?

ಉತ್ತರ: ಕಿಲೋಮೀಟರ್ ಪಕ್ಕಕ್ಕಿಟ್ಟು ಏರಿನಿಂದ ಲೆಕ್ಕ ಶುರುಮಾಡಿ. ನೀವು, ಸೈಕಲ್, ಸಾಮಾನು ಎಲ್ಲ ಸೇರಿ 90 ಕೆ.ಜಿ. ಎಂದಿಟ್ಟುಕೊಳ್ಳಿ. ಗಂಟೆಗೆ 500 ಮೀಟರ್ ಮೇಲೇರಲು ಗುರುತ್ವದ ವಿರುದ್ಧವೇ ಸುಮಾರು 123 ವಾಟ್ ಹೋಗುತ್ತದೆ. ಜಲ್ಲಿ ಹಿಡಿದೆಳೆಯುವುದನ್ನೂ ಕೂಡಿಸಿದರೆ 140–150 ವಾಟ್. ರೂಢಿಯಿದ್ದವರು ಗಂಟೆಗಟ್ಟಲೆ ಇಷ್ಟನ್ನು ತಾಳಬಲ್ಲರು. ಅಲ್ಲಿಗೆ ಏರಿಗೇ ಮೂರೂವರೆ ಗಂಟೆ ದಾಟಿತು. ಏರು ಸರಾಸರಿ 6% (100 ಮೀಟರ್ ದೂರಕ್ಕೆ 6 ಮೀಟರ್ ಎತ್ತರ) ಎಂದಾದರೆ ಹತ್ತುವ ದೂರ 30 ಕಿ.ಮೀ. ಮಾತ್ರ. ಇಳಿಯುವ 30 ಕಿ.ಮೀ.ಗೆ ಒಂದೂವರೆ ಗಂಟೆ, ಉಳಿದ 20ಕ್ಕೆ ಒಂದೂಕಾಲು. ಊಟ, ನೀರು, ಪಂಕ್ಚರ್ ಎಲ್ಲ ಸೇರಿಸಿದರೆ ಎಂಟು ಗಂಟೆ. ಬೆಳಕು ಹರಿಯುವಾಗಲೇ ಹೊರಟರೆ ಆಗುತ್ತದೆ, ಹತ್ತು ಗಂಟೆಗೆ ಹೊರಟರೆ ಇಲ್ಲ.

ಪ್ರಶ್ನೆ: ಪೆಡಲ್ ಬಳಿಯ ಮುಂದಿನ ಹಲ್ಲುಚಕ್ರಕ್ಕೆ 40 ಹಲ್ಲು, ಹಿಂದಿನವಕ್ಕೆ 11ರಿಂದ 42. ಕಡಿದಾದ ಏರಿನಲ್ಲಿ ಹಿಂದಿನ ಚಕ್ರ ಜಾರಿ ಇಳಿದು ತಳ್ಳಬೇಕಾಗುತ್ತದೆ. ಟೈರ್ ಬದಲಿಸಬೇಕೇ?

ಉತ್ತರ: ಮೊದಲು ಗೇರ್ ನೋಡಿ. ಅತಿ ಹಗುರ ಗೇರ್‌ನಲ್ಲೂ ನಿಮಿಷಕ್ಕೆ 60 ಸುತ್ತು ಪೆಡಲ್ ತುಳಿದರೆ ನಿಮ್ಮ ವೇಗ ಗಂಟೆಗೆ 7.5 ಕಿ.ಮೀ. 10% ಏರಿನಲ್ಲಿ ಅದಕ್ಕೆ 200 ವಾಟ್ ಮೀರಿದ ಶಕ್ತಿ ಬೇಕು. ಅಷ್ಟಿಲ್ಲದಾಗ ಪೆಡಲ್ ನಿಧಾನವಾಗುತ್ತದೆ, ಒಂದೊಂದು ತುಳಿತವೂ ಕುಕ್ಕಿದಂತಾಗುತ್ತದೆ, ಆ ಕುಕ್ಕಿಗೇ ಸಡಿಲ ಜಲ್ಲಿಯಲ್ಲಿ ಚಕ್ರ ಜಾರುವುದು. ಮುಂದಿನ ಚೈನ್‌ರಿಂಗ್ 36 ಹಲ್ಲಿನದು ಹಾಕಿಸಿ: ಅದೇ 60 ಸುತ್ತಿಗೆ ವೇಗ 6.8ಕ್ಕೆ ಇಳಿಯುತ್ತದೆ, ಬೇಕಾದ ಶಕ್ತಿಯೂ ಹತ್ತರಲ್ಲೊಂದು ಪಾಲು ಕಡಿಮೆ. ಚೈನ್ ಒಂದು ಜೋಡಿ ಕೊಂಡಿಯಷ್ಟು ಗಿಡ್ಡ ಮಾಡಬೇಕಾಗಬಹುದು. ಹಿಂದೆ ದೊಡ್ಡ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಹಾಕುವುದಾದರೆ ನಿಮ್ಮ ಡಿರೈಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಗರಿಷ್ಠ ಎಷ್ಟು ಹಲ್ಲು ತಾಳುತ್ತದೆಂದು ನೋಡಿಯೇ ಕೊಳ್ಳಿ. ಇನ್ನು, ಏರಿನಲ್ಲಿ ಎದ್ದು ನಿಂತು ತುಳಿಯಬೇಡಿ, ಹಿಂದಿನ ಚಕ್ರದ ಮೇಲಿನ ಭಾರ ಹೋಗುತ್ತದೆ. ಸೀಟಿನ ಮೂತಿಗೆ ಸರಿದು ಕುಳಿತು, ಮೊಣಕೈ ಮಡಚಿ ಎದೆ ತಗ್ಗಿಸಿ.

ಪ್ರಶ್ನೆ: ನಕ್ಷೆಯ ಆ್ಯಪ್ 22% ಏರು ತೋರಿಸಿದ ಕಡೆ ದಾರಿ ಬಹುತೇಕ ಸಮತಟ್ಟಾಗಿತ್ತು. ಇನ್ನೊಂದು ಕಡೆ ಒಳ್ಳೆಯ ದಾರಿ ಎಂದದ್ದು ಬರೀ ಕೆಸರು. ಯಾವುದನ್ನು ನಂಬುವುದು?

ಉತ್ತರ: ಎರಡೂ ಬೇರೆಬೇರೆ ರೋಗ. ಎತ್ತರದ ಮಾಹಿತಿ ಬಹಳಷ್ಟು ಕಡೆ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಬಳಸಿ ಅಳೆದದ್ದು. ಸುಮಾರು 30 ಮೀಟರಿಗೊಂದು ಬಿಂದು. ಬೆಟ್ಟದ ಮೈ ಕೊರೆದು ಮಾಡಿದ ದಾರಿಯಲ್ಲಿ ಇದು ಕೈಕೊಡುತ್ತದೆ. 60% ಇಳಿಜಾರಿನ ಮೈಯಲ್ಲಿ ದಾರಿಯ ಗೆರೆ 10 ಮೀಟರ್ ಪಕ್ಕಕ್ಕೆ ಬಿದ್ದರೆ ಎತ್ತರದಲ್ಲಿ 6 ಮೀಟರ್ ತಪ್ಪು. 50 ಮೀಟರ್ ದೂರದಲ್ಲಿ ಅದು 12% ಸುಳ್ಳು ಏರಾಗುತ್ತದೆ. ಸುರಂಗವಿದ್ದರಂತೂ ಅದರ ಮೇಲಿನ ಗುಡ್ಡವನ್ನೇ ಹತ್ತಿಸುತ್ತದೆ. ಆದ್ದರಿಂದ ಮೊನಚು ಶಿಖರಗಳನ್ನು ಬಿಟ್ಟು 500 ಮೀಟರಿನ ಸರಾಸರಿ ನೋಡಿ. 1:50,000 ಪ್ರಮಾಣದ, 20 ಮೀಟರ್ ಅಂತರದ ಸಮೋನ್ನತ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳ) ನಕ್ಷೆ ಸಿಕ್ಕರೆ ಇನ್ನೂ ಒಳ್ಳೆಯದು: ದಾರಿಯುದ್ದಕ್ಕೆ ಒಂದು ಸೆಂಟಿಮೀಟರಿನಲ್ಲಿ ಎರಡೂವರೆ ರೇಖೆ ದಾಟಿದರೆ 10%.

ದಾರಿಯ ಮೈ ಹೇಗಿದೆ ಎಂಬುದಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕಚ್ಚಾ ದಾರಿಗಳಿಗೆ ಗ್ರೇಡ್ 1ರಿಂದ 5ರವರೆಗೆ ಗುರುತು ಇರುತ್ತದೆ. 2 ಎಂದರೆ ಗಟ್ಟಿ ಜಲ್ಲಿ, 3ರಲ್ಲಿ ಗಟ್ಟಿ ಮೆದು ಬೆರಕೆ, 5 ಬರೀ ಮಣ್ಣು. ಗ್ರಾವೆಲ್ ಬೈಕಿಗೆ (ಜಲ್ಲಿ ದಾರಿಗೆಂದೇ ಮಾಡಿದ ಸೈಕಲ್ಲಿಗೆ) 2 ಮತ್ತು 3 ಆದೀತು. 4ರಲ್ಲಿ ಒಣ ದಿನ ಮಾತ್ರ. ಗುರುತೇ ಇಲ್ಲದ ದಾರಿಯನ್ನು 4 ಎಂದೇ ಎಣಿಸಿ. ಉಪಗ್ರಹ ಚಿತ್ರದಲ್ಲಿ ಎರಡು ಗಾಲಿ ಜಾಡಿನ ನಡುವೆ ಹಸಿರು ಗೆರೆ ಕಂಡರೆ ವಾಹನ ಓಡಾಟ ಕಡಿಮೆ ಎಂದರ್ಥ. ಚಿತ್ರ ಎಷ್ಟು ಹಳೆಯದೆಂದೂ ನೋಡಿ, ಭೂಕುಸಿತ ಅದಕ್ಕಿಂತ ಹೊಸದಿರಬಹುದು.

ಪ್ರಶ್ನೆ: ಸುತ್ತಿನ ಒಂದು ಬದಿ ಡಾಂಬರು, ಇನ್ನೊಂದು ಬದಿ ಜಲ್ಲಿ. ಯಾವ ಕಡೆಯಿಂದ ಹತ್ತಬೇಕು?

ಉತ್ತರ: ಡಾಂಬರಿನಲ್ಲಿ ಹತ್ತಿ, ಜಲ್ಲಿಯಲ್ಲಿ ಇಳಿಯಿರಿ ಎನ್ನುವವರೇ ಹೆಚ್ಚು. ಜಲ್ಲಿಯ ಇಳಿಜಾರು 8%ಕ್ಕಿಂತ ಕಡಿಮೆಯಿದ್ದರೆ ಅದು ಸರಿ. ಆದರೆ ನಡುವೆ 15% ದಾಟುವ, ಕಲ್ಲು ಸಡಿಲವಾದ ಒಂದೇ ಒಂದು ತುಂಡಿದ್ದರೂ ನಾವು ದಿಕ್ಕು ತಿರುಗಿಸುತ್ತೇವೆ. 300 ಮೀಟರ್ ತಳ್ಳಿಕೊಂಡು ಹತ್ತಲು ಏಳೆಂಟು ನಿಮಿಷ ಸಾಕು. ಅದೇ ತುಂಡನ್ನು ಇಳಿಯುವಾಗ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ, ಹಿಡಿಯದಿದ್ದರೆ ವೇಗ ಕೈಮೀರುತ್ತದೆ. ದಾರಿಯನ್ನು ಅದರ ಅತಿ ಕೆಟ್ಟ ಕಿಲೋಮೀಟರಿನಿಂದ ಅಳೆಯಬೇಕು, ಸರಾಸರಿಯಿಂದಲ್ಲ.

ಪ್ರಶ್ನೆ: ನನ್ನ ತೂಕ 75 ಕೆ.ಜಿ., ಟೈರ್ 45 ಮಿ.ಮೀ. ಟ್ಯೂಬ್‌ಲೆಸ್. ಗಾಳಿ ಎಷ್ಟು?

ಉತ್ತರ: ಮುಂದೆ 26, ಹಿಂದೆ 29 ಪಿಎಸ್‌ಐಯಿಂದ (ಗಾಳಿಯ ಒತ್ತಡದ ಅಳತೆ) ಶುರುಮಾಡಿ. ರಿಮ್ ಕಲ್ಲಿಗೆ ಬಡಿದ ಸದ್ದು ಬಂದರೆ 2 ಪಿಎಸ್‌ಐ ಏರಿಸಿ, ಸಣ್ಣ ಕಲ್ಲಿಗೂ ಹ್ಯಾಂಡಲ್ ಕುಣಿದರೆ 2 ಇಳಿಸಿ. 2,000 ಮೀಟರ್ ಹತ್ತಿದಾಗ ಹೊರಗಿನ ಒತ್ತಡ ಸುಮಾರು 3 ಪಿಎಸ್‌ಐ ತಗ್ಗುವುದರಿಂದ ಟೈರ್ ಬಿಗಿಯಾಗಬೇಕು. ಆದರೆ ತಂಪಿಗೆ ಒಳಗಿನ ಗಾಳಿ ಕುಗ್ಗಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸರಿಹೋಗುತ್ತದೆ. ತಲೆಕೆಡಿಸಿಕೊಳ್ಳಬೇಡಿ. ತಲೆಕೆಡಿಸಿಕೊಳ್ಳಬೇಕಾದದ್ದು ಸೀಲೆಂಟ್ (ತೂತು ಮುಚ್ಚಲು ಟೈರಿನೊಳಗೆ ಹಾಕುವ ದ್ರವ) ಬಗ್ಗೆ: ಟೈರಿಗೆ 80–100 ಮಿ.ಲೀ. ಬೇಕು, ಅದು ಕೆಲವೇ ತಿಂಗಳಲ್ಲಿ ಒಣಗುತ್ತದೆ. ಚಕ್ರ ಅಲ್ಲಾಡಿಸಿದಾಗ ಒಳಗೆ ದ್ರವದ ಸದ್ದಿಲ್ಲವೆಂದರೆ ಮುಗಿದಿದೆ. ಟೈರಿನ ಪಕ್ಕ ಹರಿದರೆ ಸೀಲೆಂಟ್ ಕೈಲಾಗದು. ಒಂದು ಟ್ಯೂಬ್, ಹರಿದ ಜಾಗಕ್ಕೆ ಒಳಗಿಂದ ಇಡಲು ಹಳೆಯ ಟೈರಿನ ತುಂಡು ಜೊತೆಗಿರಲಿ.

ಪ್ರಶ್ನೆ: ಉದ್ದ ಇಳಿಜಾರಿನಲ್ಲಿ ಡಿಸ್ಕ್ ಬ್ರೇಕಿನಿಂದ ಸುಟ್ಟ ವಾಸನೆ ಬಂತು, ಹಿಡಿತ ಹೋಯಿತು. ಏನಾಗಿದೆ?

ಉತ್ತರ: 90 ಕೆ.ಜಿ. ಭಾರ 500 ಮೀಟರ್ ಇಳಿದರೆ ಸುಮಾರು 440 ಕಿಲೋಜೂಲ್ ಶಕ್ತಿ ಎಲ್ಲಿಗಾದರೂ ಹೋಗಬೇಕು. ಒಂದು ಲೀಟರ್ ನೀರು ಕುದಿಸಲು ಅಷ್ಟು ಬೇಕಿಲ್ಲ. ಜಲ್ಲಿಯಲ್ಲಿ ವೇಗ ಕಡಿಮೆ, ಗಾಳಿ ತಡೆಯುವುದು ಸ್ವಲ್ಪ, ಹೆಚ್ಚಿನದು ಬ್ರೇಕಿಗೇ. ಲಿವರ್ ಹೇಗಿತ್ತೆಂದು ನೆನಪಿಸಿಕೊಳ್ಳಿ. ಗಟ್ಟಿಯಾಗಿದ್ದೂ ಸೈಕಲ್ ನಿಲ್ಲದಿದ್ದರೆ ಪ್ಯಾಡ್ ಕಾದು ಮೈ ನುಣುಪಾಗಿದೆ, ಬದಲಿಸಿ. ಲಿವರ್ ಮೆತ್ತಗಾಗಿ ಹ್ಯಾಂಡಲ್ ಮುಟ್ಟಿದ್ದರೆ ಒಳಗಿನ ದ್ರವ ಕುದಿದು ಆವಿ ಸೇರಿದೆ. ದ್ರವ ಬದಲಿಸಿ ಗಾಳಿ ತೆಗೆಸಬೇಕು. ಡಾಟ್ (DOT) ಎಂಬ ಬಗೆಯ ಬ್ರೇಕ್ ದ್ರವ ನೀರು ಹೀರಿಕೊಂಡು ಹಳತಾದಷ್ಟೂ ಬೇಗ ಕುದಿಯುತ್ತದೆ. ಅದನ್ನೂ ಇನ್ನೊಂದು ಬಗೆಯ ಬ್ರೇಕ್ ದ್ರವವಾದ ಮಿನರಲ್ ಆಯಿಲನ್ನೂ ಎಂದೂ ಅದಲುಬದಲು ಮಾಡಬೇಡಿ, ರಬ್ಬರ್ ಸೀಲುಗಳು ಹಾಳಾಗುತ್ತವೆ.

ಉದ್ದ ಇಳಿಜಾರಿಗೆ ಲೋಹ ಬೆರೆತ ಪ್ಯಾಡ್ ಮೇಲು, ಡಿಸ್ಕ್ ಮೇಲೆ ರೆಸಿನ್ (ರಾಳದ) ಪ್ಯಾಡ್ ಮಾತ್ರ ಎಂದು ಕೆತ್ತಿರದಿದ್ದರೆ. ಒಂದೇ ಸಮನೆ ಬ್ರೇಕ್ ಎಳೆದುಕೊಂಡು ಇಳಿಯದೆ ತಿರುವಿಗೆ ಮೊದಲು, ಸೈಕಲ್ ನೆಟ್ಟಗಿರುವಾಗಲೇ, ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ಬಿಡಿ. ತಿರುವಿನ ಹೊರ ಅಂಚಿನಲ್ಲಿ ಸಡಿಲ ಜಲ್ಲಿ ರಾಶಿಬಿದ್ದಿರುತ್ತದೆ, ವಾಹನದ ಗಾಲಿ ಒತ್ತಿದ ಗಟ್ಟಿ ಜಾಡು ಹಿಡಿಯಿರಿ. ಕಾದ ಡಿಸ್ಕಿಗೆ ನೀರು ಸುರಿದರೆ ಅದು ಸೊಟ್ಟಗಾದೀತು.

ಪ್ರಶ್ನೆ: ಸೈಕಲ್ ಬಲಕ್ಕೆ ಬಿದ್ದಮೇಲೆ ಗೇರ್ ಸರಿಯಾಗಿ ಕೂರುತ್ತಿಲ್ಲ. ಕೇಬಲ್ ಬಿಗಿ ಮಾಡಿದರೆ ಸಾಕೇ?

ಉತ್ತರ: ಬೇಡ. ಡಿರೈಲರ್ ತೂಗಿರುವ ಹ್ಯಾಂಗರ್ ಒಳಕ್ಕೆ ಬಾಗಿರುವ ಸಾಧ್ಯತೆ ಹೆಚ್ಚು. ಹಿಂದಿನಿಂದ ನೋಡಿ, ಡಿರೈಲರಿನ ಎರಡು ಪುಟ್ಟ ಗಾಲಿಗಳು ಮೇಲಿನ ಹಲ್ಲುಚಕ್ರದ ನೇರಕ್ಕಿವೆಯೇ? ಇಲ್ಲವಾದರೆ ಅತಿ ಹಗುರ ಗೇರ್ ಮುಟ್ಟಲೇಬೇಡಿ, ಡಿರೈಲರ್ ಚಕ್ರದ ಕಡ್ಡಿಗಳಿಗೆ ಸಿಕ್ಕಿ ಚಕ್ರವನ್ನೂ ಮುರಿಯುತ್ತದೆ. ಹ್ಯಾಂಗರ್ ಫ್ರೇಮಿನಿಂದ ಫ್ರೇಮಿಗೆ ಬೇರೆ, ನಿಮ್ಮದಕ್ಕೆ ಕೂರುವ ಒಂದನ್ನು ಮೊದಲೇ ತರಿಸಿ ಸಾಮಾನಿನ ಚೀಲದಲ್ಲಿಟ್ಟುಕೊಳ್ಳಿ.