ಟ್ರೇಲರ್‌ಗೆ ಯಾವ ಹಿಚ್? ಮೊದಲು ಬಾಗಿಲ ಬಳಿಯ ಚೀಟಿ ಓದಿ

ಪ್ರಶ್ನೆ: ಸರ್, ನಮಸ್ಕಾರ. ನಾವು ಡೆನ್ವರ್ ಹತ್ತಿರ ಇದ್ದೇವೆ. ಈಚೆಗೆ 26 ಅಡಿಯ ಟ್ರಾವೆಲ್ ಟ್ರೇಲರ್ (ಗಾಡಿಗೆ ಕಟ್ಟಿ ಎಳೆಯುವ ಚಕ್ರದ ಮನೆ) ತೆಗೆದುಕೊಂಡೆವು. ಖಾಲಿ ತೂಕ 6,200 ಪೌಂಡ್, ತುಂಬಿದಾಗ ಗರಿಷ್ಠ 7,600. ಎಳೆಯಲು ಫೋರ್ಡ್ ಎಫ್-150 ಪಿಕಪ್ ಇದೆ, 11,000 ಪೌಂಡ್ ಎಳೆಯುತ್ತದೆ ಅಂತ ಮಾರಿದವರು ಹೇಳಿದ್ದಾರೆ. ಬೇಸಿಗೆಯಲ್ಲಿ ಅತ್ತೆ ಮಾವ ಶಿವಮೊಗ್ಗದಿಂದ ಬರುತ್ತಾರೆ. ಅವರನ್ನೂ ಮಗನನ್ನೂ ಕರ್ಕೊಂಡು ಯೆಲ್ಲೋಸ್ಟೋನ್‌ಗೆ ಹೋಗುವ ಆಸೆ. ಟ್ರೇಲರ್ ಅಂಗಡಿಯವರು 1,400 ಪೌಂಡಿನ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ (ಟ್ರೇಲರನ್ನು ಗಾಡಿಗೆ ಜೋಡಿಸಿ ಭಾರ ಹಂಚುವ ಕೊಂಡಿ) ಹಾಕಿಸಿ, ದೊಡ್ಡದಿದ್ದಷ್ಟೂ ಒಳ್ಳೇದು ಅನ್ನುತ್ತಾರೆ. ಗೆಳೆಯರೊಬ್ಬರು ತಮ್ಮ ಹಳೇ 600 ಪೌಂಡಿನದ್ದನ್ನು ಸುಮ್ನೆ ಕೊಡುತ್ತೇನೆ ಅಂತಿದ್ದಾರೆ. ನಮ್ಮ ಮನೆಯವರಂತೂ 11,000 ಎಳೆಯುವ ಗಾಡಿಗೆ ಇದೆಲ್ಲ ಯಾಕೆ ಅಂತಾರೆ. ಯಾರ ಮಾತು ಕೇಳಲಿ? ಇನ್ನೊಂದು: ದಾರಿಯಲ್ಲಿ ಅತ್ತೆ ಮಾವ ಟ್ರೇಲರ್ ಒಳಗೆ ಮಲಗಿಕೊಂಡು ಬರಬಹುದಾ?
– ಒಬ್ಬ ಓದುಗರು, ಕೊಲೊರಾಡೊ

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ. ಬೇಡವೇ ಬೇಡ. ಅಲ್ಲಿ ಸೀಟ್ ಬೆಲ್ಟ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಗೋಡೆಗಳೋ, ತೆಳು ಹಲಗೆ ಮತ್ತು ತಗಡು.

ಇನ್ನು ಹಿಚ್. ಮೂವರ ಮಾತನ್ನೂ ಸ್ವಲ್ಪ ಹೊತ್ತು ಬದಿಗಿಡಿ. ಗಾಡಿಯ ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದಲ್ಲಿ ಒಂದು ಹಳದಿ-ಬಿಳಿ ಚೀಟಿ ಅಂಟಿಸಿರುತ್ತಾರೆ. ಜನ, ಸಾಮಾನು ಎಲ್ಲಾ ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ಅದೇ ಪೇಲೋಡ್. 11,000 ಅನ್ನುವುದು ಜಾಹೀರಾತಿನ ಸಂಖ್ಯೆ, ನಿಮ್ಮ ಸಂಸಾರವನ್ನು ನೋಡಿ ಬರೆದದ್ದಲ್ಲ. ಒಂದೇ ಮಾಡೆಲ್‌ನ ಎರಡು ಗಾಡಿಗಳಲ್ಲೂ ಪೇಲೋಡ್ ಬೇರೆ ಬೇರೆ ಇರುತ್ತದೆ, ಯಾಕೆಂದರೆ ಸನ್‌ರೂಫ್, ಫೋರ್ ವೀಲ್ ಡ್ರೈವ್, ಚರ್ಮದ ಸೀಟು ಅಂತ ಒಂದೊಂದು ಸೇರಿದ ಹಾಗೂ ಅದು ಕಮ್ಮಿಯಾಗುತ್ತಾ ಹೋಗುತ್ತದೆ.

ನಿಮ್ಮ ಚೀಟಿಯ ಸಂಖ್ಯೆ ನೀವು ಬರೆದಿಲ್ಲ. ಲೆಕ್ಕಕ್ಕೆ 1,640 ಅಂತ ಇಟ್ಟುಕೊಳ್ಳೋಣ. ಪ್ರವಾಸಕ್ಕೆ ಹೊರಟಾಗ ಟ್ರೇಲರ್ ಯಾವತ್ತೂ ಖಾಲಿ ಇರುವುದಿಲ್ಲ ಅಲ್ವಾ? ಪಾತ್ರೆ, ಹಾಸಿಗೆ, ಅಕ್ಕಿ ಬೇಳೆ, ಬ್ಯಾಟರಿ, ಗ್ಯಾಸ್ ಸಿಲಿಂಡರ್ ಸೇರಿ 7,400 ಆಯಿತು ಅನ್ನಿ. ಇದರಲ್ಲಿ ಶೇ. 10ರಿಂದ 15ರಷ್ಟು ಭಾರ ಟ್ರೇಲರಿನ ಮೂತಿಯಿಂದ ಗಾಡಿಯ ಹಿಚ್ ಮೇಲೆ ಕೂರಬೇಕು. ಇದನ್ನೇ ಟಂಗ್ ವೇಟ್ ಅನ್ನುತ್ತಾರೆ. ಎತ್ತಿನ ಗಾಡಿಗೆ ಹೇರು ಹಾಕಿದವರಿಗೆ ಇದು ಹೇಳಿಕೊಡಬೇಕಾಗಿಲ್ಲ: ಭಾರ ಹಿಂದಾದರೆ ಮೂಕಿ ಮೇಲೇಳುತ್ತದೆ, ಮುಂದಾದರೆ ಎತ್ತಿನ ಕತ್ತಿಗೆ ಬೀಳುತ್ತದೆ. ಟ್ರೇಲರಿನಲ್ಲಿ ಮುಂದಿನ ಭಾರ ಕಮ್ಮಿಯಾದರೆ ಹೆದ್ದಾರಿಯಲ್ಲಿ ಅದು ಬಾಲ ಬೀಸುತ್ತದೆ, ಅಂದರೆ ಸ್ವೇ ಆಗುತ್ತದೆ.

ಶೇ. 13 ಅಂತ ಹಿಡಿದರೆ ಸುಮಾರು 960 ಪೌಂಡ್. ಹಿಚ್‌ನ ಕಬ್ಬಿಣವೇ 100 ಪೌಂಡ್ ಆಸುಪಾಸು ತೂಗುತ್ತದೆ. ಎರಡೂ ಪೇಲೋಡ್ ಲೆಕ್ಕಕ್ಕೇ ಸೇರುತ್ತವೆ, 1,640ರಲ್ಲಿ ಉಳಿದದ್ದು 580. ನೀವು ಐದು ಜನ ಸೇರಿ 680 ಅಂದರೂ ಅಲ್ಲಿಗೇ 100 ಪೌಂಡ್ ಜಾಸ್ತಿಯಾಯಿತು. ಗಾಡಿಯ ಹಿಂದಿನ ಬೆಡ್‌ನಲ್ಲಿ, ಅಂದರೆ ಸಾಮಾನು ಹೇರುವ ತೊಟ್ಟಿಯಲ್ಲಿ, ಐಸ್ ಪೆಟ್ಟಿಗೆ, ಜನರೇಟರ್ ಇನ್ನೂ ಇಟ್ಟೇ ಇಲ್ಲ! ಯಾವ ಹಿಚ್ ಹಾಕಿದರೂ ಚೀಟಿಯ ಸಂಖ್ಯೆ ಏರುವುದಿಲ್ಲ. ಹಿಚ್ ಸ್ವಲ್ಪ ಭಾರವನ್ನು ಟ್ರೇಲರಿನ ಚಕ್ರಗಳಿಗೆ ದಾಟಿಸುತ್ತದೆ ನಿಜ, ಆದರೆ ಅದನ್ನು ನಂಬಿಕೊಂಡು ಸಾಮಾನು ಹೇರಬೇಡಿ.

ಹಾಗಾದರೆ ಹಿಚ್ ಮಾಡುವುದಾದರೂ ಏನು? ಟಂಗ್ ವೇಟ್ ಗಾಡಿಯ ಹಿಂಬದಿಯನ್ನು ಒತ್ತುತ್ತದೆ, ಮುಂಭಾಗ ಏಳುತ್ತದೆ. ಸ್ಟೇರಿಂಗ್ ಹಗುರಾಗುತ್ತದೆ, ಮುಂದಿನ ಟೈರಿಗೆ ಹಿಡಿತ ತಪ್ಪುತ್ತದೆ, ರಾತ್ರಿ ಎದುರಿನವರ ಕಣ್ಣಿಗೆ ನಿಮ್ಮ ಲೈಟು ಹೊಡೆಯುತ್ತದೆ. ಹಿಚ್‌ನಿಂದ ಟ್ರೇಲರಿನ ಕಡೆಗೆ ಹೋಗುವ ಎರಡು ಸ್ಪ್ರಿಂಗ್ ಬಾರ್‌ಗಳು ಸನ್ನೆಗೋಲಿನ ಥರ ಮೀಟಿ ಒಂದಷ್ಟು ಭಾರವನ್ನು ಮುಂದಿನ ಆಕ್ಸಲ್‌ಗೆ ವಾಪಸ್ ತರುತ್ತವೆ. ನಿಮ್ಮ ಮನೆಯವರಿಗೆ ಇನ್ನೊಂದು ಚೀಟಿ ತೋರಿಸಿ. ಗಾಡಿಯ ಕೆಳಗೆ, ಹಿಚ್ ತೂರಿಸುವ ರಿಸೀವರ್ ಮೇಲೆ ಅದು ಇರುತ್ತದೆ. ಅನೇಕ ಎಫ್-150ಗಳಲ್ಲಿ ಈ ಥರದ ಹಿಚ್ ಇಲ್ಲದಿದ್ದರೆ 5,000 ಪೌಂಡ್ ಟ್ರೇಲರ್, 500 ಪೌಂಡ್ ಟಂಗ್ ವೇಟ್, ಅಷ್ಟೇ ಮಿತಿ. ದೊಡ್ಡ ಸಂಖ್ಯೆಗಳೆಲ್ಲ ಹಿಚ್ ಇದ್ದರೆ ಮಾತ್ರ. ಅಲ್ಲಿಗೆ ಆ ವಾದ ಮುಗಿಯಿತು.

ಅಳತೆಗೆ ಬರೋಣ. 1,400, 600 ಅನ್ನುವುದು ಹಿಚ್‌ನ ತೂಕವಲ್ಲ, ಅದರ ಬಾರ್‌ಗಳು ತಾಳುವ ಭಾರ. ಬಾರ್ ಆರಿಸುವಾಗ ಟಂಗ್ ವೇಟ್ ಜೊತೆಗೆ ಗಾಡಿಯ ಹಿಂದಿನ ಆಕ್ಸಲ್‌ನಿಂದ ಹಿಂದಕ್ಕೆ ಇಡುವ ಸಾಮಾನಿನ ತೂಕವನ್ನೂ ಸೇರಿಸಬೇಕು. 960ಕ್ಕೆ ನೂರೋ ಚಿಲ್ಲರೆಯೋ ಸೇರಿದರೆ 1,060. ನಿಮಗೆ 1,200ರ ಬಾರ್ ಸರಿ. ಗೆಳೆಯರ 600ರದ್ದು ಉಚಿತವಾಗಿ ಸಿಕ್ಕರೂ ದುಬಾರಿ, ಕೆಲಸವನ್ನೇ ಮಾಡುವುದಿಲ್ಲ. 1,400ರದ್ದು ಬಗ್ಗುವುದೇ ಕಷ್ಟ, ರಸ್ತೆಯ ಹೊಡೆತವೆಲ್ಲ ಟ್ರೇಲರಿನ ಫ್ರೇಮ್‌ಗೆ ಹೋಗುತ್ತದೆ. ದೊಡ್ಡದಿದ್ದಷ್ಟೂ ಒಳ್ಳೇದು ಅನ್ನುವುದು ಮಾರುವವರ ಮಾತು.

ಭಾರ ಹಂಚುವುದು ಒಂದು ಕೆಲಸ, ಸ್ವೇ ತಡೆಯುವುದು ಬೇರೆ ಕೆಲಸ. 26 ಅಡಿಗೆ ಎರಡೂ ಒಂದರಲ್ಲೇ ಇರುವ ಹಿಚ್ ತೆಗೆದುಕೊಳ್ಳಿ. ಈಕ್ವಲೈಜರ್, ಬ್ಲೂ ಆಕ್ಸ್ ಸ್ವೇಪ್ರೊ, ರೀಸ್‌ನ ಡ್ಯುಯಲ್ ಕ್ಯಾಮ್, ಯಾವುದಾದರೂ ಆದೀತು. ಈಕ್ವಲೈಜರ್ ತಿರುವಿನಲ್ಲಿ ಕಿರ್ರೋ ಅಂತ ಗಲಾಟೆ ಮಾಡುತ್ತದೆ, ಹೆದರಬೇಡಿ. ಆಂಡರ್ಸನ್ ಹಗುರ, ಸದ್ದಿಲ್ಲ, ಎತ್ತಿಡುವುದು ಸಲೀಸು. ಆದರೆ ನಿಮ್ಮಷ್ಟು ಟಂಗ್ ವೇಟ್‌ಗೆ ಅದು ಭಾರವನ್ನು ಮುಂದಕ್ಕೆ ದಾಟಿಸುವುದು ಕಮ್ಮಿ, ಹಾಗಾಗಿ ನಾನಾದರೆ ಬೇಡ ಅನ್ನುತ್ತೇನೆ. ಹೆನ್ಸ್‌ಲಿ, ಪ್ರೊಪ್ರೈಡ್ ಬಹಳ ಚೆನ್ನಾಗಿವೆ, ಬೆಲೆ ಕೇಳಿದರೆ ಗಂಟಲು ಒಣಗುತ್ತದೆ.

ಒಳ್ಳೆಯ ಹಿಚ್ಚನ್ನೂ ಸರಿಯಾಗಿ ಕೂರಿಸದಿದ್ದರೆ ದಂಡ. ಅಂಗಡಿಯವರು ಖಾಲಿ ಟ್ರೇಲರಿಗೆ ಹೊಂದಿಸಿ ಕಳಿಸುತ್ತಾರೆ, ನೀವು ತುಂಬಿಸಿದ ಮೇಲೆ ಮತ್ತೆ ನೋಡಿಕೊಳ್ಳಬೇಕು. ಗಾಡಿಯ ಮುಂದಿನ ಚಕ್ರದ ಮೇಲಿನ ಮಡ್‌ಗಾರ್ಡ್ ಅಂಚು ನೆಲದಿಂದ ಎಷ್ಟು ಎತ್ತರ ಅಂತ ಟೇಪ್ ಹಿಡಿಯಿರಿ. ಟ್ರೇಲರ್ ಇಲ್ಲದೆ 38 ಇಂಚು, ಟ್ರೇಲರ್ ಕೂರಿಸಿ ಬಾರ್ ಹಾಕದೆ 39 ಇಂಚು ಬಂತು ಅನ್ನಿ. ಏರಿದ್ದರಲ್ಲಿ ಅರ್ಧ ಇಳಿಸಿ ಅಂತ ಫೋರ್ಡ್ ಹೇಳುತ್ತದೆ, ಅಂದರೆ ಬಾರ್ ಹಾಕಿದಾಗ 38.5. ಪೂರ್ತಿ ಇಳಿಸಲು ಹೋಗಿ ಬಿಗಿಯಾಗಿ ಎಳೆದರೆ ಹಿಂದಿನ ಟೈರಿನ ಹಿಡಿತ ಕಮ್ಮಿಯಾಗಿ ತಿರುವಿನಲ್ಲಿ ಹಿಂಭಾಗ ಜಾರುವ ಅಪಾಯ. ಆಮೇಲೆ ಟ್ರಕ್ ಸ್ಟಾಪ್‌ನಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ವೇಬ್ರಿಡ್ಜ್ ಇರುತ್ತದೆ. ಬಾರ್ ಹಾಕಿ ಒಮ್ಮೆ, ಬಾರ್ ಬಿಚ್ಚಿ ಒಮ್ಮೆ, ಗಾಡಿ ಒಂದನ್ನೇ ಒಮ್ಮೆ ತೂಗಿಸಿ. ಸಂಸಾರ ಸಮೇತ ಕೂತೇ ತೂಗಿಸಿ. ಕೆಲವೇ ಡಾಲರಿಗೆ ಎಲ್ಲಾ ಅನುಮಾನ ಮುಗಿಯುತ್ತದೆ.

ತೂಕ ಮೀರಿದ್ದರೆ ಬೆಡ್‌ನಲ್ಲಿರುವುದನ್ನು ಟ್ರೇಲರಿನ ಚಕ್ರದ ನೇರಕ್ಕೆ ಒಳಗಿಡಿ, ಟ್ರೇಲರಿನ 7,600 ಮೀರದ ಹಾಗೆ. ಸೌದೆ ಹೊರಬೇಡಿ, ಅಲ್ಲೇ ಕೊಳ್ಳಿ. ನೀರಿನ ಟ್ಯಾಂಕ್ ಖಾಲಿ ಮಾಡಿ: ಒಂದು ಗ್ಯಾಲನ್ 8.3 ಪೌಂಡ್, 40 ಗ್ಯಾಲನ್ ಅಂದರೆ 330ಕ್ಕೂ ಜಾಸ್ತಿ. ಆದರೆ ಟ್ಯಾಂಕ್ ಎಲ್ಲಿದೆ ನೋಡಿ, ಚಕ್ರಕ್ಕಿಂತ ಹಿಂದಿದ್ದರೆ ಖಾಲಿ ಮಾಡಿದಾಗ ಟಂಗ್ ವೇಟ್ ಏರುತ್ತದೆ. ಇಷ್ಟಾದರೂ ಆಗದಿದ್ದರೆ ಎಫ್-250 ಥರದ ದೊಡ್ಡ ಗಾಡಿ, ಇಲ್ಲವೇ ಇಬ್ಬರು ಇನ್ನೊಂದು ಕಾರಿನಲ್ಲಿ. ಅತ್ತೆ ಮಾವನನ್ನೇ ಬಿಟ್ಟುಹೋಗಿ ಅಂತ ನಾನು ಬರೆದೆ ಅಂತ ದಯವಿಟ್ಟು ಹೇಳಬೇಡಿ.

ನಿಮ್ಮ ದಾರಿ ಲಾರಮಿಯಿಂದ ರಾಲಿನ್ಸ್ ಕಡೆಗೆ ಐ-80 ಹೆದ್ದಾರಿಯಲ್ಲಿ ಹೋಗುವುದಾದರೆ ಗಾಳಿಯ ಸುದ್ದಿ ನೋಡಿ ಹೊರಡಿ. ವಯೋಮಿಂಗ್‌ನ ಆ ತುಂಡಿನಲ್ಲಿ ಗಾಳಿ ಜಾಸ್ತಿಯಾದರೆ ಹಗುರವಾದ ಎತ್ತರದ ಗಾಡಿಗಳನ್ನು ನಿಲ್ಲಿಸಿಬಿಡುತ್ತಾರೆ. ಟ್ರೇಲರ್ ಬೀಸಲು ಶುರುವಾದರೆ ಗಾಡಿಯ ಬ್ರೇಕ್ ತುಳಿಯಬೇಡಿ. ಆಕ್ಸಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೇರಿಂಗ್ ನೆಟ್ಟಗೆ ಹಿಡಿಯಿರಿ, ಬ್ರೇಕ್ ಕಂಟ್ರೋಲರ್‌ನ ಗುಂಡಿಯಿಂದ ಟ್ರೇಲರಿನ ಬ್ರೇಕನ್ನು ಮಾತ್ರ ಒತ್ತಿ. ಆ ಗುಂಡಿ ಎಲ್ಲಿದೆ ಅಂತ ಮನೆಯ ಮುಂದೆಯೇ ಕೈಗೆ ಅಭ್ಯಾಸ ಮಾಡಿಕೊಳ್ಳಿ.

ಪ್ರಶ್ನೆ: ನಮ್ಮದು 2,500 ಪೌಂಡಿನ ಚಿಕ್ಕ ಪಾಪ್ಅಪ್ (ಮಡಚಿ ಬಿಚ್ಚುವ) ಟ್ರೇಲರ್, ಎಳೆಯುವುದು ಎಸ್‌ಯುವಿ. ನಮಗೂ ಈ ಹಿಚ್ ಬೇಕಾ?
– ಇನ್ನೊಬ್ಬ ಓದುಗರು, ಮಿಷಿಗನ್

ಉತ್ತರ: ಸಾಮಾನ್ಯವಾಗಿ ಬೇಡ. ಮ್ಯಾನ್ಯುಯಲ್ ತೆಗೆದು ನೋಡಿ, ಕೆಲವು ಗಾಡಿಗಳಿಗೆ ಇಂಥ ಹಿಚ್ ಹಾಕಲೇಬಾರದು ಅಂತ ಬರೆದಿರುತ್ತಾರೆ. ಟ್ರೇಲರಿನ ಮುಂದಿನ ಭಾಗಕ್ಕೆ ಸ್ವಲ್ಪ ಭಾರ ಬರುವ ಹಾಗೆ ಸಾಮಾನು ಜೋಡಿಸಿ, ಟೈರಿನ ಗಾಳಿ ನೋಡಿ, ಸಾಕು. ಸ್ವೇಗೆ ಅಂತ ಪಕ್ಕದಲ್ಲಿ ಕಟ್ಟುವ ಒಂಟಿ ಫ್ರಿಕ್ಷನ್ ಬಾರ್ ಹಾಕಿಸಿದರೆ ರಿವರ್ಸ್ ತೆಗೆಯುವ ಮುಂಚೆ ಬಿಚ್ಚಿಡಿ, ಇಲ್ಲದಿದ್ದರೆ ಕಡಿದಾಗಿ ತಿರುಗಿಸಿದಾಗ ಅದು ಬಾಗಿಹೋಗುತ್ತದೆ.